ಕಾರವಾರದಿಂದ ಭೀಮಾತೀರಕ್ಕೆ ಒಂದು ಗೆರೆ

ನಕಾಶೆ ಹರಡಿಕೊಂಡು ಕಾರವಾರದಿಂದ ಸೊಲ್ಲಾಪುರ ಜಿಲ್ಲೆಯ ಮಾಚಣೂರಿನವರೆಗೆ ನೆಟ್ಟಗೆ ಒಂದು ಗೆರೆ ಎಳೆಯಿರಿ. ಮಾಚಣೂರು ಮಂಗಳವೇಢೆಯ ಹತ್ತಿರ, ಭೀಮಾನದಿಯ ದಂಡೆಯ ಊರು. ಗೆರೆಯ ಉದ್ದ ಸುಮಾರು 340 ಕಿಲೋಮೀಟರ್. ಅದರ ನಟ್ಟನಡುವೆ ಬೆರಳಿಟ್ಟರೆ ಬೆರಳು ಕೂರುವುದು ಹೆಚ್ಚುಕಡಿಮೆ ಗೋಕಾಕದ ಮೇಲೆ. ಎಡಕ್ಕೆ ಹುಕ್ಕೇರಿ, ತುಸು ಮುಂದೆ ಬಲಕ್ಕೆ ಮೂಡಲಗಿ.

1697ರ ಸೆಪ್ಟೆಂಬರಿನಲ್ಲಿ ಈ ಗೆರೆಯ ಒಂದು ತುದಿಯಲ್ಲಿ, ಕಾರವಾರದಲ್ಲಿ, ನೀರು ಮತ್ತು ಕಟ್ಟಿಗೆ ತುಂಬಿಕೊಳ್ಳಲು ಒಂದು ಹಡಗು ಲಂಗರು ಹಾಕಿತ್ತು. ಅದು ನ್ಯೂಯಾರ್ಕ್ ಬಿಟ್ಟು ಒಂದು ವರ್ಷವಾಗಿತ್ತು. ಅದರ ಕಪ್ತಾನ ವಿಲಿಯಂ ಕಿಡ್, ಇವತ್ತಿಗೂ ಇಂಗ್ಲಿಷ್ ಓದುವ ಮಕ್ಕಳಿಗೆಲ್ಲ ಗೊತ್ತಿರುವ ಕಡಲ್ಗಳ್ಳ. ಗೆರೆಯ ಇನ್ನೊಂದು ತುದಿಯಲ್ಲಿ, ಮಾಚಣೂರಿಗೆ ಹೊಂದಿಕೊಂಡ ಬ್ರಹ್ಮಪುರಿಯಲ್ಲಿ, ಔರಂಗಜೇಬ ಡೇರೆ ಹೊಡೆದು ಕೂತಿದ್ದ. 1695ರಿಂದ 1699ರವರೆಗೆ ಮೊಗಲ್ ಸಾಮ್ರಾಜ್ಯದ ರಾಜಧಾನಿ ಎಂದರೆ ದಿಲ್ಲಿಯಲ್ಲ, ಆಗ್ರಾ ಅಲ್ಲ, ಭೀಮೆಯ ದಂಡೆಯ ಆ ಬಯಲು. ಕಿಡ್ಡನಂಥವರು ದೋಚುತ್ತಿದ್ದದ್ದು ಇದೇ ಬಾದಶಹನ ಪ್ರಜೆಗಳ ಹಡಗುಗಳನ್ನು. ಕಳ್ಳ ಮತ್ತು ಧಣಿ, ಇಬ್ಬರ ನಡುವಿನ ದೂರವನ್ನು ಸಮಭಾಗ ಮಾಡುವ ಊರು ಕರದಂಟಿನ ಗೋಕಾಕ. ಸಮುದ್ರದ ಚರಿತ್ರೆಗೂ ನಮಗೂ ಸಂಬಂಧವಿಲ್ಲ ಎಂದು ಘಟಪ್ರಭೆಯ ಬಯಲಿನವರು ತಿಳಿದಿದ್ದರೆ ತಪ್ಪೇನಿಲ್ಲ. ಆದರೆ ಲೆಕ್ಕಗಳು ಬೇರೆ ಹೇಳುತ್ತವೆ.

ಮೊದಲು ಸಣ್ಣ ಅಂಕಿಗಳು. ಕಿಡ್ಡನ ಹಡಗಿನ ಹೆಸರು ಅಡ್ವೆಂಚರ್ ಗ್ಯಾಲಿ. ಭಾರ 280 ಟನ್ನಿಗಿಂತ ತುಸು ಹೆಚ್ಚು, ತೋಪು 34, ಗಾಳಿ ಸತ್ತಾಗ ಹುಟ್ಟು ಹಾಕಿ ಸಾಗಲು 46 ಹುಟ್ಟುಗಳು. ನ್ಯೂಯಾರ್ಕ್ ಬಿಡುವಾಗ ಹಡಗಿನಲ್ಲಿದ್ದವರು ನೂರೈವತ್ತರಷ್ಟು. ಆ ಊರಿನ ಜನಗಣತಿ 1698ರಲ್ಲಿ ನಡೆಯಿತು. ಇಡೀ ನ್ಯೂಯಾರ್ಕಿನ ಜನಸಂಖ್ಯೆ 4,937. ಐದು ಸಾವಿರ ತುಂಬಲು ಇನ್ನೂ 63 ಮಂದಿ ಬೇಕಿತ್ತು. ಇವತ್ತಿನ ಗೋಕಾಕ ತಾಲ್ಲೂಕಿನ ಒಂದು ಮಧ್ಯಮ ಗಾತ್ರದ ಹಳ್ಳಿಯಷ್ಟು.

ಈಗ ದೊಡ್ಡ ಅಂಕಿ. ಜೆಮೆಲ್ಲಿ ಕರೇರಿ ಎಂಬ ಇಟಲಿಯ ಪ್ರವಾಸಿ 1695ರ ಮಾರ್ಚಿನಲ್ಲಿ ಔರಂಗಜೇಬನನ್ನು ಕಂಡ. ಆಗ ಬಾದಶಹನ ಬಿಡಾರ ಇನ್ನೂ ಭೀಮೆಗೆ ಹೋಗಿರಲಿಲ್ಲ, ಕೃಷ್ಣೆಯ ದಂಡೆಯ ಗಲಗಲಿಯಲ್ಲಿತ್ತು. ಗೋಕಾಕದಿಂದ ನೇರ ಅಳೆದರೆ 70 ಕಿಲೋಮೀಟರ್ ಅಷ್ಟೇ. ಗೋವೆಯಿಂದ ಹೊರಟ ಕರೇರಿ ಘಟ್ಟ ಹತ್ತಿ ಮುಧೋಳದ ಮೇಲೆ ಹಾದು ಅಲ್ಲಿಗೆ ಹೋದ. ಮುಧೋಳಕ್ಕೆ ಮೊದಲು ಸಿಕ್ಕ, ಅವನು ಬಹಳ ಮೆಚ್ಚಿಕೊಂಡ ಒಂದು ಕೋಟೆಯ ಊರು ಈಗಿನ ಮೂಡಲಗಿ ತಾಲ್ಲೂಕಿನ ಯಾದವಾಡ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗಲಗಲಿಯಲ್ಲಿ ಅವನು ಬರೆದುಕೊಂಡ ಲೆಕ್ಕ ಹೀಗಿದೆ: ಕುದುರೆ ಸವಾರರು 60,000, ಕಾಲಾಳು 1,00,000, ಬಿಡಾರದ ಸುತ್ತಳತೆ 30 ಮೈಲಿ, ಒಳಗೆ 250 ಬಜಾರುಗಳು, ವ್ಯಾಪಾರಿ, ಕಸುಬುದಾರ, ಆಳುಕಾಳು, ಹೆಂಗಸರು, ಮಕ್ಕಳು ಎಲ್ಲ ಸೇರಿ 5,00,000 ಜೀವ.

ಪ್ರವಾಸಿಗಳ ಅಂಕಿಗಳನ್ನು ಒಂದಿಷ್ಟು ಕಳೆದೇ ನಂಬಬೇಕು. ಅರ್ಧ ತೆಗೆದುಬಿಡಿ. ಎರಡೂವರೆ ಲಕ್ಷ ಉಳಿಯಿತು. 1700ರಲ್ಲಿ ಉತ್ತರ ಅಮೆರಿಕದ ಎಲ್ಲ ಇಂಗ್ಲಿಷ್ ವಸಾಹತುಗಳು ಸೇರಿ, ಮೇನ್ ತೀರದಿಂದ ಕೆರೋಲಿನಾದವರೆಗೆ, ಬಿಳಿಯರು ಮತ್ತು ಗುಲಾಮರನ್ನಾಗಿ ತಂದ ಕರಿಯರು ಎಲ್ಲರನ್ನೂ ಎಣಿಸಿದರೆ ಇತಿಹಾಸಕಾರರ ಅಂದಾಜು ಇದೇ ಎರಡೂವರೆ ಲಕ್ಷದ ಸುತ್ತಮುತ್ತ. ಕರೇರಿ ಹೇಳಿದ್ದು ಪೂರ್ತಿ ನಿಜವಿದ್ದರೆ, ಮುಧೋಳದ ಆಚೆ ಡೇರೆ ಹೊಡೆದಿದ್ದ ಒಂದು ದಂಡು ಅಷ್ಟೂ ವಸಾಹತುಗಳ ಎರಡು ಪಟ್ಟು. ನ್ಯೂಯಾರ್ಕಿನ ನೂರು ಪಟ್ಟು. 250 ಬಜಾರಿಗೆ ಐದು ಲಕ್ಷ ಜನ ಎಂದರೆ ಬಜಾರೊಂದಕ್ಕೆ 2,000. ನ್ಯೂಯಾರ್ಕಿನ ಅಷ್ಟೂ ಮಂದಿಗೆ ಈ ದಂಡಿನಲ್ಲಿ ಎರಡೂವರೆ ಬಜಾರು ಸಾಕಾಗುತ್ತಿತ್ತು.

ಅಮೆರಿಕದ ಕಡಲ್ಗಳ್ಳರು ನಮ್ಮ ಕಡಲಿಗೇ ಯಾಕೆ ಬಂದರು ಎಂಬ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ದುಡ್ಡು ಇಲ್ಲಿತ್ತು.

ದಾರಿ ತೋರಿಸಿದವನು ರೋಡ್ ಐಲೆಂಡಿನ ಥಾಮಸ್ ಟ್ಯೂ. 70 ಟನ್ನಿನ ಹಡಗು, 8 ತೋಪು. 1693ರಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಮೊಗಲರ ಒಂದು ದೊಡ್ಡ ಹಡಗು ಹಿಡಿದ, ಒಬ್ಬ ಆಳನ್ನೂ ಕಳೆದುಕೊಳ್ಳಲಿಲ್ಲ. ಬಂಗಾರ, ಬೆಳ್ಳಿಯೇ ಒಂದು ಲಕ್ಷ ಪೌಂಡಿನಷ್ಟು ಸಿಕ್ಕಿತೆಂದು ಹೇಳುತ್ತಾರೆ. ಪ್ರತಿ ನಾವಿಕನ ಪಾಲಿಗೆ ಬಂದದ್ದು ಕನಿಷ್ಠ 1,200 ಪೌಂಡ್. ವ್ಯಾಪಾರಿ ಹಡಗಿನಲ್ಲಿ ಪ್ರಾಮಾಣಿಕವಾಗಿ ದುಡಿಯುವ ನಾವಿಕನಿಗೆ ಆಗ ವರ್ಷಕ್ಕೆ ಸಿಗುತ್ತಿದ್ದದ್ದು 15 ಪೌಂಡ್. ಎಂಬತ್ತು ವರ್ಷದ ಸಂಬಳ ಒಂದೇ ದಿನದಲ್ಲಿ. ಸುದ್ದಿ ನ್ಯೂಪೋರ್ಟ್, ಬಾಸ್ಟನ್, ನ್ಯೂಯಾರ್ಕುಗಳ ಹೆಂಡದಂಗಡಿಗಳಿಗೆ ಮುಟ್ಟಿದ ಮೇಲೆ ಯುವಕರು ನೇಗಿಲು ಹಿಡಿದಿದ್ದರೆ ಆಶ್ಚರ್ಯಪಡಬೇಕಿತ್ತು.

ಟ್ಯೂ ಎರಡನೇ ಸಲ ಬಂದ, ಸತ್ತ. ಅದೇ ತಿಂಗಳಲ್ಲಿ, 1695ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಹೆನ್ರಿ ಎವರಿ ಹಿಡಿದ ಗಂಜ್-ಇ-ಸವಾಯಿ ಎಂಬ ಮೊಗಲ್ ಹಡಗಿನ ಕಥೆ ಇನ್ನೂ ದೊಡ್ಡದು. ಮೊಗಲ್ ಇತಿಹಾಸಕಾರ ಖಾಫಿ ಖಾನ್ ಕೊಟ್ಟ ಲೆಕ್ಕ: 80 ತೋಪು, 400 ಬಂದೂಕು, ಮೋಖಾ ಮತ್ತು ಜೆಡ್ಡಾಗಳಲ್ಲಿ ಹಿಂದೂಸ್ತಾನದ ಸರಕು ಮಾರಿ ಬಂದ 52 ಲಕ್ಷ ರೂಪಾಯಿ. ಈಸ್ಟ್ ಇಂಡಿಯಾ ಕಂಪನಿ ಇಷ್ಟಿಲ್ಲ ಎಂದು ವಾದಿಸಿ 3,25,000 ಪೌಂಡಿಗೆ ಇಳಿಸಿತು. ಪರಿಹಾರ ಕೊಡಬೇಕಾದವರ ಅಂದಾಜು ಯಾವತ್ತೂ ಕಡಿಮೆಯೇ ಇರುತ್ತದೆ. ಹಡಗಿನಲ್ಲಿದ್ದ ಹಜ್ ಯಾತ್ರಿಕರ ಮೇಲೆ, ಅದರಲ್ಲೂ ಹೆಂಗಸರ ಮೇಲೆ ನಡೆದ ಅತ್ಯಾಚಾರಕ್ಕೆ ಮಾತ್ರ ಯಾರೂ ಅಂಕಿ ಹಾಕಲಿಲ್ಲ. ಬ್ರಹ್ಮಪುರಿಗೆ ಸುದ್ದಿ ಮುಟ್ಟಿತು, ಸೂರತ್ತಿನ ಇಂಗ್ಲಿಷರ ಕಾಲಿಗೆ ಬೇಡಿ ಬಿತ್ತು. ಖಾಫಿ ಖಾನ್ ಇನ್ನೊಂದು ಮಾತು ಬರೆದಿದ್ದಾನೆ, ನನಗೆ ಅದೇ ಹೆಚ್ಚು ರುಚಿ. ಮುಂಬಯಿಯಿಂದ ಇಂಗ್ಲಿಷರಿಗೆ ಹುಟ್ಟುವ ವರಮಾನ ಎರಡು ಮೂರು ಲಕ್ಷ ರೂಪಾಯಿಯನ್ನೂ ಮುಟ್ಟದು, ಅದೂ ಬಹುಪಾಲು ಅಡಿಕೆ, ತೆಂಗಿನಕಾಯಿಯದು. ಅವರ ವ್ಯಾಪಾರದ ಲಾಭವೋ 20 ಲಕ್ಷ ದಾಟದು. ಅಂದರೆ ಒಂದು ಹಡಗಿನಲ್ಲಿ ಹೋದದ್ದು ಇಂಗ್ಲಿಷರು ಇಡೀ ದೇಶದಲ್ಲಿ ವ್ಯಾಪಾರ ಮಾಡಿ ಗಳಿಸುವುದರ ಎರಡೂವರೆ ಪಟ್ಟು. ಹಾಗಾದರೆ ಬಾದಶಹ ದಿವಾಳಿಯಾದನೆ? ಅವನ ಸಾಮ್ರಾಜ್ಯದ ಕಂದಾಯ ಕಾಗದದ ಮೇಲೆ 33 ಕೋಟಿ ರೂಪಾಯಿ. ಕಳೆದದ್ದು ನೂರಕ್ಕೆ ಒಂದೂವರೆಯಷ್ಟು. ಅಮೆರಿಕದ ಕಡಲ್ಗಳ್ಳರೆಲ್ಲ ಸೇರಿ ಗೂಳಿಯ ಮೈಗೆ ಅಂಟಿದ ಒಂದು ಉಣ್ಣೆ, ಉಣ್ಣೆಯ ಹೊಟ್ಟೆ ಬಿರಿಯುವಷ್ಟು ತುಂಬಿತ್ತು ಅಷ್ಟೇ.

ಎವರಿಯ ಆಳುಗಳು ಹಲವರು ಅಮೆರಿಕದ ವಸಾಹತುಗಳಲ್ಲಿ ಕರಗಿಹೋದರು. 2014ರಲ್ಲಿ ರೋಡ್ ಐಲೆಂಡಿನ ಒಂದು ಹಣ್ಣಿನ ತೋಟದಲ್ಲಿ ಲೋಹಶೋಧಕಕ್ಕೆ ಸಣ್ಣದೊಂದು ಬೆಳ್ಳಿ ನಾಣ್ಯ ಸಿಕ್ಕಿತು. ಯೆಮೆನ್ ಟಂಕಸಾಲೆಯದು, ಅಚ್ಚಾದ ವರ್ಷ 1693. ಮೋಖಾದ ಸಂತೆಯಲ್ಲಿ ಹಿಂದೂಸ್ತಾನದ ಬಟ್ಟೆಗೆ ಸಲ್ಲುತ್ತಿದ್ದ ಜಾತಿಯ ನಾಣ್ಯ ಅದು.

ಕಳ್ಳರಿಗಿಂತ ಜಾಣರು ಕಳ್ಳರಿಗೆ ಅಂಗಡಿ ಇಟ್ಟವರು. ನ್ಯೂಯಾರ್ಕಿನ ಸಾಹುಕಾರ ಫ್ರೆಡರಿಕ್ ಫಿಲಿಪ್ಸ್ ಮಡಗಾಸ್ಕರದ ಸೇಂಟ್ ಮೇರಿ ದ್ವೀಪಕ್ಕೆ ಹಡಗು ಕಳಿಸುತ್ತಿದ್ದ. ಅಲ್ಲಿ ಆಡಂ ಬಾಲ್ಡ್ರಿಜ್ ಎಂಬವನು ಅಂಗಡಿ ಹೂಡಿ ಕೂತಿದ್ದ. ನ್ಯೂಯಾರ್ಕಿನಲ್ಲಿ ಗ್ಯಾಲನ್ನಿಗೆ 2 ಶಿಲಿಂಗಿನ ರಮ್ ಮಡಗಾಸ್ಕರದಲ್ಲಿ 3 ಪೌಂಡ್ ತನಕ ಹೋಗುತ್ತಿತ್ತು. 20 ಶಿಲಿಂಗಿಗೆ ಒಂದು ಪೌಂಡ್, ಆದ್ದರಿಂದ ಮೂವತ್ತು ಪಟ್ಟು. 19 ಪೌಂಡಿನ ಮದಿರಾ ಪೀಪಾಯಿ 300 ಪೌಂಡಿಗೆ. ಮರಳುವ ಹಡಗು ಖಾಲಿ ಬರುತ್ತಿರಲಿಲ್ಲ, ಮಡಗಾಸ್ಕರದಲ್ಲಿ ಕೊಂಡ ಗುಲಾಮರನ್ನು ತುಂಬಿಕೊಂಡು ಬರುತ್ತಿತ್ತು. ಕಡಲ್ಗಳ್ಳನನ್ನು ನೇಣು ಹಾಕಿದ ಕಾನೂನು ಈ ಸಾಹುಕಾರನ ವ್ಯಾಪಾರಕ್ಕೆ ಸುಂಕದ ರಸೀದಿ ಕೊಟ್ಟಿತು. ಅಟ್ಲಾಂಟಿಕ್ ದಾಟಿಸಲು ಆಫ್ರಿಕದ ದಡದಲ್ಲಿ ಹಡಗು ಹತ್ತಿಸಿದವರ ಒಟ್ಟು ಸಂಖ್ಯೆ ಶತಮಾನಗಳ ಲೆಕ್ಕದಲ್ಲಿ ಒಂದು ಕೋಟಿ 25 ಲಕ್ಷ. ಕಿಡ್, ಟ್ಯೂ, ಎವರಿ ಎಲ್ಲರ ಲೂಟಿಯೂ ಆ ಅಂಕಿಯ ಪಕ್ಕದಲ್ಲಿ ಜೇಬುಗಳ್ಳತನ.

ಕಿಡ್ ಮಾತ್ರ ಕಳ್ಳನಾಗಿ ಹೊರಟವನಲ್ಲ. ಕಳ್ಳರನ್ನು ಹಿಡಿಯಲು ಇಂಗ್ಲೆಂಡಿನ ದೊರೆ ಮೂರನೇ ವಿಲಿಯಂ ಮೊಹರು ಒತ್ತಿ ಕೊಟ್ಟ ಸನ್ನದು ಅವನ ಪೆಟ್ಟಿಗೆಯಲ್ಲಿತ್ತು. ಬಂಡವಾಳ ಹಾಕಿದವರಲ್ಲಿ ಲಂಡನ್ನಿನ ಮಂತ್ರಿಮಹೋದಯರಿದ್ದರು. ನ್ಯೂಯಾರ್ಕಿನಲ್ಲಿ ಟ್ರಿನಿಟಿ ಚರ್ಚು ಕಟ್ಟುವಾಗ ಕಲ್ಲು ಎತ್ತಲು ತನ್ನ ಹಡಗಿನ ಹಗ್ಗ ಮತ್ತು ರಾಟೆ ಕೊಟ್ಟ ಗೌರವಸ್ಥ. ಆದರೆ ಆಳುಗಳಿಗೆ ಸಂಬಳವಿಲ್ಲ, ಹಿಡಿದರೆ ಪಾಲು, ಹಿಡಿಯದಿದ್ದರೆ ಉಪವಾಸ. ಮಡಗಾಸ್ಕರದ ಕಡೆ ರೋಗಕ್ಕೆ ಹತ್ತಾರು ಮಂದಿ ಸತ್ತರು. ಕೆಂಪು ಸಮುದ್ರದಲ್ಲಿ ಮೊಗಲ್ ಹಡಗುಗಳ ಹಿಂಡಿಗೆ ಕೈ ಹಾಕಲು ಹೋಗಿ ಬರಿಗೈಯಲ್ಲಿ ಓಡಿಬಂದ. ಹಾಗೆ ಓಡಿಬಂದವನು ಕಾರವಾರಕ್ಕೆ ಬಂದದ್ದು.

ಇಲ್ಲಿ ಒಂಬತ್ತು ಮಂದಿ ಹಡಗು ಬಿಟ್ಟು ಪರಾರಿಯಾದರು. ಅವರಲ್ಲದೆ ಬೆಂಜಮಿನ್ ಫ್ರ್ಯಾಂಕ್ಸ್ ಎಂಬ ಯಹೂದಿ ರತ್ನವ್ಯಾಪಾರಿಯೂ ಇಳಿದ. ಜಮೈಕಾದ ಪೋರ್ಟ್ ರಾಯಲ್ ಪಟ್ಟಣವನ್ನು 1692ರ ಭೂಕಂಪ ಸಮುದ್ರಕ್ಕೆ ತಳ್ಳಿದಾಗ ಆಸ್ತಿ ಕಳೆದುಕೊಂಡವನು, ಹಿಂದೂಸ್ತಾನದಲ್ಲಿ ಹೊಸದಾಗಿ ವ್ಯಾಪಾರ ಶುರು ಮಾಡಬೇಕೆಂದು ಹಡಗು ಹತ್ತಿದ್ದ. ದಡಕ್ಕೆ ಇಳಿಯಲು ಕಿಡ್ಡನಿಗೆ ಅವನು ತೆತ್ತ ಲಂಚ ಒಂದು ಬೀವರ್ ತುಪ್ಪಳದ ಟೋಪಿ. ಉತ್ತರ ಅಮೆರಿಕದ ಕಾಡಿನಲ್ಲಿ ಮೂಲನಿವಾಸಿಗಳು ಬೇಟೆಯಾಡಿದ ಪ್ರಾಣಿಯ ತುಪ್ಪಳ ಯುರೋಪಿನಲ್ಲಿ ಟೋಪಿಯಾಗಿ ಕಾರವಾರದ ಸೆಖೆಯಲ್ಲಿ ಕೈ ಬದಲಾಯಿಸಿತು. ಅಮೆರಿಕದ ಆರಂಭದ ವ್ಯಾಪಾರಚರಿತ್ರೆಯನ್ನು ಒಂದೇ ವಸ್ತುವಿನಲ್ಲಿ ತೋರಿಸು ಎಂದರೆ ನಾನು ಆ ಟೋಪಿಯನ್ನು ತೋರಿಸುತ್ತೇನೆ.

ಕಾರವಾರದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ 1638ರಿಂದ ಇತ್ತು. ಅದು ಸುಖವಾಗಿ ಬದುಕಿದ ಕೋಠಿಯಲ್ಲ. 1684ರಲ್ಲಿ ಒಂದು ಸಣ್ಣ ಹಡಗಿನ ಆಳುಗಳು ಹಸು ಕದ್ದು ಕೊಂದದ್ದಕ್ಕೆ ಊರಿನವರೆಲ್ಲ ತಿರುಗಿಬಿದ್ದು, ಇಂಗ್ಲಿಷರು ಗಂಟುಮೂಟೆ ಕಟ್ಟುವ ಹಂತಕ್ಕೆ ಬಂದಿದ್ದರು. ಆದರೂ ಯಾಕೆ ಅಂಟಿಕೊಂಡಿದ್ದರು ಎಂದರೆ ಘಟ್ಟದ ಮೆಣಸಿಗೆ, ಅದಕ್ಕಿಂತ ಹೆಚ್ಚಾಗಿ ಘಟ್ಟದ ಮೇಲಿನ ಬಟ್ಟೆಗೆ. ಮುಂಬಯಿ ಸರ್ಕಾರದ ಗೆಜೆಟಿಯರು 1660ರ ಸುಮಾರಿಗೆ ಹೇಳುವ ಮಾತು: ಪಶ್ಚಿಮ ಭಾರತದ ಅತಿ ನಯವಾದ ಮಸ್ಲಿನ್ ಹೋಗುತ್ತಿದ್ದದ್ದು ಕಾರವಾರದಿಂದ, ಅದನ್ನು ನೇಯುವ ನಾಡು ಹುಬ್ಬಳ್ಳಿ ಮೊದಲಾದ ಒಳಊರುಗಳು, ಈ ಕೆಲಸದಲ್ಲಿದ್ದ ನೇಕಾರರು 50,000. ಇನ್ನೊಮ್ಮೆ ನ್ಯೂಯಾರ್ಕಿನ ಹತ್ತಿರ ಇಟ್ಟು ನೋಡಿ. ಮಗ್ಗದ ಗುಂಡಿಯಲ್ಲಿ ಕೂತವರೇ ಹತ್ತು ನ್ಯೂಯಾರ್ಕ್. ನೂಲುವ ಹೆಂಗಸರು, ಬಣ್ಣ ಹಾಕುವವರು, ಹತ್ತಿ ಬಿಡಿಸುವವರು ಈ ಲೆಕ್ಕದಲ್ಲಿಲ್ಲ.

ಆ ಕಾಲಕ್ಕೆ ಕಾರವಾರ, ರಾಜಾಪುರಗಳಂಥ ಬಂದರುಗಳೂ ಘಟ್ಟದ ಮೇಲಿನ ಈ ಸೀಮೆಯೂ ಬಿಜಾಪುರದ ಸರದಾರ ರುಸ್ತುಂ-ಇ-ಜಮಾನನ ಕೈಯಲ್ಲಿದ್ದವು. ಅವನ ಠಾಣೆ ಮಿರಜ. ಹುಕ್ಕೇರಿಯಲ್ಲಿ ಇವತ್ತಿಗೂ ನಿಂತಿರುವ ಆದಿಲಶಾಹಿ ಗುಮ್ಮಟಗಳು ಈ ಆಳ್ವಿಕೆಯ ಕುರುಹು. ಮಿರಜಿನಿಂದ ಹುಕ್ಕೇರಿ, ಹುಕ್ಕೇರಿಯಿಂದ ಬೆಳಗಾವಿ, ಬೆಳಗಾವಿಯಿಂದ ಘಟ್ಟ. ಇವತ್ತು ಸಂಕೇಶ್ವರದ ಮೇಲೆ ಹೆದ್ದಾರಿ ಹರಿಯುವ ಈ ಬಯಲುಸೀಮೆಯಲ್ಲಿ ಆಗ ಹರಿಯುತ್ತಿದ್ದದ್ದು ಹೇರೆತ್ತುಗಳು.

ಎತ್ತಿನ ಲೆಕ್ಕ ಹಿಡಿದರೆ ಹಡಗುಗಳು ಮತ್ತೆ ಕುಗ್ಗುತ್ತವೆ. ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ 1632ರಲ್ಲಿ ಉತ್ತರದ ದಾರಿಯಲ್ಲಿ ಎದುರಾದ ಒಂದೇ ಬಂಜಾರ ತಾಂಡದಲ್ಲಿ 14,000 ಎತ್ತುಗಳಿದ್ದವೆಂದು ಬರೆದಿದ್ದಾನೆ. ನಮ್ಮ ಕಡೆ ಲಮಾಣಿಗಳೆಂದು ಕರೆಯುವ ಸಮುದಾಯ ಇದೇ. ಒಂದು ಎತ್ತು ಹೊರುವುದು ಸುಮಾರು 125 ಕಿಲೋ ಎಂದಿಟ್ಟುಕೊಂಡರೆ ಆ ತಾಂಡದ ಹೇರು 1,750 ಟನ್. ಕಿಡ್ಡನ ಹಡಗಿನಂಥ ಆರು ಹಡಗು ತುಂಬುವಷ್ಟು ಸರಕು ಒಂದೇ ತಾಂಡದ ಬೆನ್ನ ಮೇಲೆ, ಮೇಯುತ್ತ, ನಿಧಾನವಾಗಿ ನಡೆಯುತ್ತ ಹೋಗುತ್ತಿತ್ತು. ಔರಂಗಜೇಬನ ಐದು ಲಕ್ಷ ಬಾಯಿಗಳಿಗೆ ಕಾಳು ಮುಟ್ಟಿಸುತ್ತಿದ್ದದ್ದೂ ಇಂಥವರೇ. ತಲೆಗೆ ದಿನಕ್ಕೆ ಅರ್ಧ ಕಿಲೋ ಕಾಳು ಎಂದರೂ 250 ಟನ್, ಎರಡು ಸಾವಿರ ಎತ್ತಿನ ಹೇರು, ಪ್ರತಿದಿನ. ಕುದುರೆ, ಆನೆಗಳ ಮೇವು ಬೇರೆ. ಕೃಷ್ಣೆಗೂ ಘಟಪ್ರಭೆಗೂ ನಡುವಿನ ಎರೆಭೂಮಿಯ ಬಿಳಿಜೋಳದ ಹಗೇವುಗಳು ಎಷ್ಟು ಬರಿದಾಗಿರಬೇಕೆಂದು ಊಹಿಸಿಕೊಳ್ಳಬಹುದು.

ಲೂಟಿಯ ವಿಷಯಕ್ಕೆ ಬಂದರೂ ಹಾಗೆಯೇ. 1673ರಲ್ಲಿ ಶಿವಾಜಿಯ ದಂಡು ಹುಬ್ಬಳ್ಳಿಯನ್ನು ಸುಲಿಯಿತು. ಅಲ್ಲಿದ್ದ ತಮ್ಮ ಮಳಿಗೆಯಲ್ಲಿ 7,894 ಹೊನ್ನು ಹೋಯಿತೆಂದು ಇಂಗ್ಲಿಷರು ಲೆಕ್ಕ ಕೊಟ್ಟರು, ಕೊನೆಯ ನಾಲ್ಕು ಹೊನ್ನನ್ನೂ ಬಿಡದೆ. ಹುಬ್ಬಳ್ಳಿಯ ಸೆಟ್ಟರದ್ದು, ನೇಕಾರರದ್ದು ಎಷ್ಟು ಹೋಯಿತೆಂಬ ಪಟ್ಟಿ ಯಾವ ದಫ್ತರಕ್ಕೂ ಏರಲಿಲ್ಲ. ಕಿಡ್ ಬಂದ 1697ರಲ್ಲೇ ಮರಾಠರು ಕಾರವಾರವನ್ನೂ ಹಾಳುಗೆಡವಿದರು. ಮೊಗಲರು ಕಂದಾಯ ಎತ್ತುತ್ತಿದ್ದರು. ಮರಾಠರು ಅದೇ ಊರಿನಿಂದ ನಾಲ್ಕರಲ್ಲೊಂದು ಪಾಲು ಚೌಥ, ಅದರ ಮೇಲೆ ಹತ್ತರಲ್ಲೊಂದು ಸರದೇಶಮುಖಿ ಕೇಳುತ್ತಿದ್ದರು. ಎರಡೂ ಸೇರಿ ನೂರಕ್ಕೆ 35, ಮೊಗಲರದ್ದು ಇನ್ನೂ ಎಣಿಸಿಲ್ಲ. ದಖ್ಖನ್ನಿನ ಈ ಯುದ್ಧದಲ್ಲಿ ಬಾದಶಹನ ಕಡೆ ವರ್ಷಕ್ಕೆ ಒಂದು ಲಕ್ಷ ಜನ, ಮೂರು ಲಕ್ಷ ಎತ್ತು, ಒಂಟೆ, ಕುದುರೆ ಸಾಯುತ್ತಿದ್ದವೆಂದು ಆ ಕಾಲದ ಇಟಲಿಯ ಪ್ರವಾಸಿ ಮನೂಚಿ ಬರೆದಿದ್ದಾನೆ. ಯುದ್ಧ ನಡೆದದ್ದು ಇಪ್ಪತ್ತಾರು ವರ್ಷ. ಕಿಡ್ಡನ ಮೇಲೆ ಲಾವಣಿ ಕಟ್ಟಿದರು, ಕಾದಂಬರಿ ಬರೆದರು, ಸಿನಿಮಾ ತೆಗೆದರು. ನೂರಕ್ಕೆ 35 ತೆತ್ತವರ ಮೇಲೆ ಯಾರು ಸಿನಿಮಾ ತೆಗೆಯುತ್ತಾರೆ?

ಕಿಡ್ಡನ ಕಥೆ ಬೇಗ ಮುಗಿಸಬಹುದು. ಕಾರವಾರ ಬಿಟ್ಟ ಮೇಲೆ ಗೋವೆಯ ಪೋರ್ಚುಗೀಸರ ಜೊತೆ ಕಾದಾಡಿದ. ಅಕ್ಟೋಬರಿನಲ್ಲಿ ಜಗಳವಾಡಿದ ತನ್ನದೇ ತೋಪುಗಾರನ ತಲೆಗೆ ಕಬ್ಬಿಣದ ಪಟ್ಟಿಯ ಬಕೆಟ್ಟಿನಿಂದ ಹೊಡೆದು ಕೊಂದ. 1698ರ ಜನವರಿ 30ರಂದು ಮಲಬಾರಿನ ಕಡಲಿನಲ್ಲಿ ಕ್ವೆಡಾ ಮರ್ಚೆಂಟ್ ಎಂಬ 400 ಟನ್ನಿಗೂ ಮೀರಿದ ಹಡಗನ್ನು ಹಿಡಿದ. ಸರಕಿನಲ್ಲಿ ಮಸ್ಲಿನ್, ರೇಷ್ಮೆ, ಸಕ್ಕರೆ, ಅಫೀಮು, ಕಬ್ಬಿಣ, ಪೆಟ್ಲುಪ್ಪು. ಆರ್ಮೇನಿಯನ್ ವ್ಯಾಪಾರಿಗಳ ಸರಕು, ಇಂಗ್ಲಿಷ್ ಕಪ್ತಾನ, ಫ್ರೆಂಚರ ರಹದಾರಿ ಪತ್ರ. ಆ ಪತ್ರದಿಂದಾಗಿ ಇದು ಶತ್ರುವಿನ ಹಡಗು, ನಾನು ಹಿಡಿದದ್ದು ನ್ಯಾಯ ಎಂದು ಕಿಡ್ ವಾದಿಸಿದ. ವಿಚಾರಣೆಯ ಹೊತ್ತಿಗೆ ಪತ್ರಗಳು ಕಾಣೆಯಾಗಿದ್ದವು. 1701ರ ಮೇ 23ರಂದು ಥೇಮ್ಸ್ ದಂಡೆಯಲ್ಲಿ ಅವನನ್ನು ನೇಣಿಗೆ ಹಾಕಿದಾಗ ಮೊದಲ ಹಗ್ಗ ಹರಿಯಿತು, ಎರಡನೆಯದು ಹಿಡಿಯಿತು. ಪತ್ರಗಳು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಕಾರಿ ದಫ್ತರದಲ್ಲೇ ಸಿಕ್ಕವು. ಹಡಗು ಸಿಕ್ಕಿದ್ದು 2007ರಲ್ಲಿ, ಕೆರಿಬಿಯನ್ನಿನ ಕತಲೀನಾ ದ್ವೀಪದ ದಡದಿಂದ ಇಪ್ಪತ್ತು ಮೀಟರಿನಷ್ಟು ದೂರದಲ್ಲಿ, ಮೂರು ಮೀಟರ್ ಆಳದಲ್ಲಿ. ಅದರ ಮರ ನಮ್ಮ ಪಶ್ಚಿಮ ತೀರದ ತೇಗ.

ಇಲ್ಲಿಗೆ ಒಂದು ಲೆಕ್ಕ ಮುಗಿಯಿತು. ಇನ್ನು ಅದನ್ನು ತಲೆಕೆಳಗು ಮಾಡುವ ಇನ್ನೊಂದು ಲೆಕ್ಕ.

1784ರಲ್ಲಿ ಲಿವರ್‌ಪೂಲ್ ಬಂದರಿನ ಸುಂಕದವರು ಒಂದು ಅಮೆರಿಕನ್ ಹಡಗಿನಿಂದ ಎಂಟು ಮೂಟೆ ಹತ್ತಿಯನ್ನು ಜಪ್ತಿ ಮಾಡಿದರು. ಅಮೆರಿಕದಲ್ಲಿ ಇಷ್ಟೊಂದು ಹತ್ತಿ ಬೆಳೆಯುವುದು ಸಾಧ್ಯವೇ ಇಲ್ಲ, ಬೇರೆ ಕಡೆಯ ಮಾಲನ್ನು ಸುಳ್ಳು ಹೇಳಿ ತಂದಿದ್ದಾರೆ ಎಂಬುದು ಅವರ ತಕರಾರು. ಎಂಟು ಮೂಟೆ! 1860ರಲ್ಲಿ ಬ್ರಿಟನ್ ಆಮದು ಮಾಡಿಕೊಂಡ ಹತ್ತಿ ಸುಮಾರು 139 ಕೋಟಿ ರಾತಲು, ಅದರಲ್ಲಿ ಅಮೆರಿಕದ್ದು 111 ಕೋಟಿಗೂ ಹೆಚ್ಚು. ಆ ಹತ್ತಿಯನ್ನು ಎತ್ತಿನ ಮೇಲೆ ಹೇರುವುದಾದರೆ 40 ಲಕ್ಷ ಎತ್ತು ಬೇಕು, ಪೀಟರ್ ಮಂಡಿ ಕಂಡಂಥ ತಾಂಡಗಳು 280ಕ್ಕೂ ಹೆಚ್ಚು. 4,937 ಜನರ ನ್ಯೂಯಾರ್ಕ್ ಆ ವರ್ಷ 8,13,669 ಆಗಿತ್ತು. ಹತ್ತಿ ಬಿಡಿಸುವ ಕೈಗಳೂ ಬೆಳೆದಿದ್ದವು. ಅಮೆರಿಕದ ಗುಲಾಮರ ಸಂಖ್ಯೆ 39,53,760, ಸರ್ಕಾರಿ ಗಣತಿಯ ಅಂಕಿ.

ಧಾರವಾಡ ಸೀಮೆಗೆ ಈ ಹತ್ತಿಯ ಬೀಜ ಮೊದಲೇ ಬಂದಿತ್ತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ತೋಟಗಾರರನ್ನೇ ಕರೆಸಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ರೈತರು ಅದನ್ನು ವಿಲಾಯತಿ ಹತ್ತಿ ಎಂದರು, ತಮ್ಮದನ್ನು ಜವಾರಿ ಹತ್ತಿ ಎಂದರು. ಹಿಂದೂಸ್ತಾನದ ಬೇರೆ ಕಡೆಗಳಲ್ಲಿ ಈ ಪ್ರಯೋಗ ಸೋತಿತು, ಇಲ್ಲಿನ ಕರಿನೆಲದಲ್ಲಿ ಹಿಡಿಯಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಮೇಲೆ, ಅದರ ಬಾಗಿಲಾದ ಕಾರವಾರದ ಮೇಲೆ ನೆಟ್ಟದ್ದು ಹಾಗೆ.

1861ರಲ್ಲಿ ಅಮೆರಿಕ ಎರಡಾಗಿ ಹೊಡೆದಾಡತೊಡಗಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಬೇಲಿ ಹಾಕಿತು. 111 ಕೋಟಿ ರಾತಲು ಹತ್ತಿ 1862ಕ್ಕೆ ಒಂದು ಕೋಟಿ 35 ಲಕ್ಷಕ್ಕೆ ಇಳಿಯಿತು, ನೂರಿದ್ದದ್ದು ಒಂದು ಚಿಲ್ಲರೆ. ಲ್ಯಾಂಕಶೈರಿನ ಗಿರಣಿಗಳು ಬಾಯಿ ಬಿಟ್ಟವು. ಮುಂಬಯಿಗೆ ಹಣದ ಹೊಳೆ ತಿರುಗಿತು. ಯುದ್ಧದ ಸುತ್ತಮುತ್ತಲ ಐದು ವರ್ಷಗಳಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಹತ್ತಿಯಿಂದ ಬಂದದ್ದು 8 ಕೋಟಿ 10 ಲಕ್ಷ ಪೌಂಡ್ ಎಂದು ಆಗಿನವರೇ ಲೆಕ್ಕ ಹಾಕಿದ್ದಾರೆ. ಗಂಜ್-ಇ-ಸವಾಯಿಯ ಲೂಟಿಯನ್ನು ಕಂಪನಿಯ ಅಂದಾಜಿನಲ್ಲಿ ಹಿಡಿದರೆ ಅಂಥ 249 ಹಡಗು. ಮುಂಬಯಿಯಲ್ಲಿ ಸಮುದ್ರ ತುಂಬಿಸಿ ನೆಲ ಮಾಡಲು ಹೊರಟ ಬ್ಯಾಕ್ ಬೇ ಕಂಪನಿಯ ಐದು ಸಾವಿರ ರೂಪಾಯಿಯ ಷೇರು ಐವತ್ತು ಸಾವಿರಕ್ಕೆ ಏರಿದ್ದು ಈ ಅಮಲಿನಲ್ಲೇ.

ಬೇಲಿಗೆ ಪ್ರತಿಯಾಗಿ ದಕ್ಷಿಣದವರು ಕಡಲಿಗೆ ಬಿಟ್ಟದ್ದು ಅಲಬಾಮಾ ಎಂಬ ಹಡಗು, ಕಪ್ತಾನ ರಫಾಯಲ್ ಸೆಮ್ಸ್. 22 ತಿಂಗಳಲ್ಲಿ ಉತ್ತರದವರ 65 ಹಡಗು ಹಿಡಿಯಿತು. ಬಹುಪಾಲು ಸುಟ್ಟಿತು. ಅದರ ಬೇಟೆ ಅಟ್ಲಾಂಟಿಕ್ಕಿಗೆ ಸೀಮಿತವಾಗಲಿಲ್ಲ. 1864ರ ಜನವರಿ 14ರಂದು ಮುಂಬಯಿಯಿಂದ ಹೊರಟಿದ್ದ ಎಮ್ಮಾ ಜೇನ್ ಎಂಬ ಅಮೆರಿಕನ್ ಹಡಗನ್ನು ಮಲಬಾರಿನ ಕಡಲಿನಲ್ಲಿ ಹಿಡಿದು ಸುಟ್ಟಿತು, ಸೆರೆಯಾಳುಗಳನ್ನು ಕೇರಳದ ಅಂಜೆಂಗೋದಲ್ಲಿ ಇಳಿಸಿತು. ಕಿಡ್ ಕ್ವೆಡಾ ಮರ್ಚೆಂಟನ್ನು ಹಿಡಿದ 166 ವರ್ಷಗಳ ನಂತರ ಅದೇ ಕಡಲಿಗೆ ಇನ್ನೊಬ್ಬ ಅಮೆರಿಕನ್ ದಾಳಿಕೋರ. ಈ ಸಲ ದಾಳಿಕೋರನೂ ಅಮೆರಿಕನ್, ದೋಚಿಸಿಕೊಂಡವನೂ ಅಮೆರಿಕನ್. ಸೆಮ್ಸ್‌ನನ್ನು ಉತ್ತರದವರು ಕಡಲ್ಗಳ್ಳ ಎಂದು ಬೈದರು, ನೇಣಿಗೆ ಹಾಕಲಿಲ್ಲ. ಅವನ ಹಡಗು ಕಟ್ಟಿಕೊಟ್ಟದ್ದು ಬ್ರಿಟನ್ನಿನ ಹಡಗುಕಟ್ಟೆ. ಅಲಬಾಮಾ ಮತ್ತು ಅದರ ಜೊತೆಗಾರ ಹಡಗುಗಳು ಮಾಡಿದ ನಷ್ಟಕ್ಕೆ 1872ರಲ್ಲಿ ಜಿನೀವಾದ ಪಂಚಾಯಿತಿ ಬ್ರಿಟನ್ನಿಗೆ ಹಾಕಿದ ದಂಡ ಒಂದು ಕೋಟಿ 55 ಲಕ್ಷ ಡಾಲರ್.

ಇತ್ತ ಕಾರವಾರದಲ್ಲಿ ಆದದ್ದು ವಿಚಿತ್ರ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಪಕ್ಕದ ಸದಾಶಿವಗಡಕ್ಕೆ ತಂದು ಇಳಿಸಿತು. ಘಟ್ಟದಿಂದ ಹತ್ತಿ ಬರಬೇಕಾದ ರಸ್ತೆಯೇ ತಯಾರಿರಲಿಲ್ಲ. ಕಾಳಿ ನದಿಯ ದಂಡೆಯಲ್ಲಿ ಯಂತ್ರಗಳು ಕಾದು ಕೂತವು. ಬಂದರೂ ಹತ್ತಿಯ ನಾಡೂ ಎರಡು ಬೇರೆ ಪ್ರಾಂತ್ಯಗಳಲ್ಲಿದ್ದದ್ದು, ಒಂದು ಮದರಾಸಿನದು, ಇನ್ನೊಂದು ಮುಂಬಯಿಯದು, ಇದಕ್ಕೆ ಕಾರಣ ಎಂದು ಗದ್ದಲವೆದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು, ಅರಬೈಲ್ ಘಟ್ಟದ ರಸ್ತೆ ಕಡಿದರು.

1865ರ ಏಪ್ರಿಲ್ 9ಕ್ಕೆ ಅಮೆರಿಕದ ದಕ್ಷಿಣದವರ ಸೇನಾಪತಿ ಜನರಲ್ ಲೀ ಶರಣಾದ. ಜುಲೈ 1ಕ್ಕೆ ಮುಂಬಯಿಯ ಷೇರುಪೇಟೆ ಮುಳುಗಿತು. ಹತ್ತಿಯ ಧಾರಣೆ ಬಿದ್ದಿತು. ಹತ್ತಿಯನ್ನು ಹಡಗು ಹತ್ತಿಸುವುದಕ್ಕಿಂತ ಇಲ್ಲೇ ನೂಲುವುದು ಲೇಸೆಂಬ ಲೆಕ್ಕಾಚಾರ ಗೋಕಾಕಕ್ಕೆ ಬಂದದ್ದು ಇದಾದ ಇಪ್ಪತ್ತು ವರ್ಷಕ್ಕೆ. 1885ರಲ್ಲಿ ಕಂಪನಿ, 1887ರಲ್ಲಿ ಗಿರಣಿ. 171 ಅಡಿ ಧುಮುಕುವ ಘಟಪ್ರಭೆಯ ನೀರಿನ ಬಲದಲ್ಲೇ ಕದಿರು ತಿರುಗಿದವು. ಬಹುಕಾಲ ಈ ಗಿರಣಿಯನ್ನು ನಡೆಸಿದ ಫೋರ್ಬ್ಸ್ ಸಂಸ್ಥೆ ಮುಂಬಯಿಯಲ್ಲಿ ಹತ್ತಿ ವ್ಯಾಪಾರ ಶುರು ಮಾಡಿದ್ದು 1767ರಲ್ಲಿ. ಅಮೆರಿಕ ಎಂಬ ದೇಶಕ್ಕಿಂತ ಅದು ಒಂಬತ್ತು ವರ್ಷ ಹಿರಿದು.

ಅದೇ ಹೊತ್ತಿಗೆ ಘಟ್ಟ ಇಳಿದು ಗೋವೆಯ ಮಾರ್ಮಗೋವಾ ಬಂದರಿಗೆ ರೈಲು ಬಂತು, ಘಟ್ಟದ ಮೇಲಿನ ಹತ್ತಿ ರೈಲು ಹತ್ತಿತು. ಕಾರವಾರಕ್ಕೆ ರೈಲು ಬರಲು ಇನ್ನೂ ನೂರು ವರ್ಷ ಬೇಕಾಯಿತು. ಜಿಲ್ಲೆಯನ್ನು ಮಾತ್ರ ಯಾರೂ ಹಿಂದಕ್ಕೆ ಕೊಡಲಿಲ್ಲ. ನಾಲ್ಕು ವರ್ಷ ನಡೆದ ಅಮೆರಿಕದ ಯುದ್ಧದ ಹತ್ತಿಗಾಗಿ ಮುಂಬಯಿಗೆ ಸೇರಿದ ಉತ್ತರ ಕನ್ನಡ 1956ರವರೆಗೆ, 94 ವರ್ಷ, ಅಲ್ಲೇ ಇತ್ತು.